ಮನೆಗೆ ನಾವೇ ಸೋಲಾರ್ ಹಾಕಿಕೊಂಡರೆ ಒಟ್ಟು ಎಷ್ಟಾದೀತು? ಕಾಸರಗೋಡಿನ ಮಳೆ, ಮಾಡು, ಬಿಲ್ಲು ಹಿಡಿದು ಲೆಕ್ಕ

ತೋಟದಮನೆ

ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಹಂಚಿನ ಮಾಡು. ಹಿಂದುಗಡೆ ಅಡುಗೆಕೋಣೆ, ಬಚ್ಚಲಿನ ಮೇಲೆ ಮಾತ್ರ 12 x 14 ಅಡಿಯ ತಾರಸಿ ಉಂಟು. ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಲೈನಿಗೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೆ 300 ಯೂನಿಟ್ ಆಸುಪಾಸು.

ನಡೆಯಬೇಕಾದ್ದು: 9 ವಾಟಿನ 8 ಬಲ್ಬು, 3 ಫ್ಯಾನು, 190 ಲೀಟರ್ ಫ್ರಿಜ್, 32 ಇಂಚಿನ ಟಿವಿ, ರೂಟರ್, ಮಿಕ್ಸಿ. ಪಂಪು ಬೇಡ.

ನಾನು ಹಾಕಿದ ಲೆಕ್ಕ: 540 ವಾಟಿನ ಪ್ಯಾನಲ್ 2ಕ್ಕೆ 22,000. 12 ವೋಲ್ಟಿನ ಸೋಲಾರ್ ಇನ್ವರ್ಟರ್ 8,000. 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿ ಒಂದು, 15,500. ಒಟ್ಟು 45,500 ರೂ. ಜೋಡಣೆ ಮನೆಯವರೇ. ಇದರಲ್ಲಿ ಬಿಟ್ಟುಹೋದದ್ದು ಎಂಥದ್ದು?

ಲೆಕ್ಕಪುಸ್ತಕ

ಬಿಟ್ಟುಹೋದದ್ದೇ ಅರ್ಧಕ್ಕಿಂತ ಹೆಚ್ಚು. ಹಾಗಾಗಲು ಕಾರಣ, ಪ್ಯಾನಲಿನಿಂದ ಲೆಕ್ಕ ಶುರು ಮಾಡಿದ್ದು. ರಾತ್ರಿ ಎಷ್ಟು ಬೇಕು, ಜುಲೈಯಲ್ಲಿ ಎಷ್ಟು ಸಿಗುತ್ತದೆ ಎಂಬಲ್ಲಿಂದ ಶುರು ಮಾಡಿ. ಪ್ಯಾನಲ್ ಈಗ ಇಡೀ ಜೋಡಣೆಯಲ್ಲಿ ಅಗ್ಗದ ಭಾಗ.

ದಿನದ ಬಳಕೆ ವಾಟ್-ಅವರ್‌ನಲ್ಲಿ. ಬಲ್ಬು 8 x 9 x 5 ಗಂಟೆ = 360. ಫ್ಯಾನು ಬಿಎಲ್‌ಡಿಸಿ (ಕಮ್ಮಿ ಕರೆಂಟು ತಿನ್ನುವ ಬಗೆಯದ್ದು) ಎಂದು ಹಿಡಿದರೆ 3 x 30 x 10 = 900. ಟಿವಿ 50 x 4 = 200. ರೂಟರ್ 10 x 24 = 240. ಫ್ರಿಜ್ ಸ್ವಲ್ಪ ಹಳೆಯದಾದರೆ 900. ಮಿಕ್ಸಿ 600 ವಾಟ್, ಕಾಲು ಗಂಟೆ, 150. ಮೊಬೈಲ್, ಲ್ಯಾಪ್‌ಟಾಪ್ 150. ಒಟ್ಟು 2,900.

ಇಷ್ಟಕ್ಕೇ ನಿಲ್ಲಿಸುವವರು ಹೆಚ್ಚು. ಇನ್ವರ್ಟರ್ ತಾನೂ ತಿನ್ನುತ್ತದೆ. ಬದಲಾವಣೆಯಲ್ಲಿ ಸುಮಾರು ನೂರಕ್ಕೆ 10 ನಷ್ಟ, ಅಂದರೆ 2,900 ಅಲ್ಲ 3,220. ಮೇಲಿಂದ, ಏನೂ ಉರಿಯದಿದ್ದರೂ ಆನ್ ಆಗಿ ಕೂತದ್ದಕ್ಕೆ 20 ವಾಟ್ ಹಿಡಿದರೆ 24 ಗಂಟೆಗೆ 480. ಒಟ್ಟು 3,700, ಅಂದರೆ ದಿನಕ್ಕೆ 3.7 ಯೂನಿಟ್. ದೊಡ್ಡದಿದ್ದರೆ ಒಳ್ಳೆಯದು ಎಂದು 3 ಕೆವಿಎ ಯಂತ್ರ ತಂದರೆ ಈ ಕೂತು ತಿನ್ನುವ ಲೆಕ್ಕ 40 ವಾಟ್ ದಾಟುವುದುಂಟು. ಆಗ ದಿನಕ್ಕೆ ಸುಮಾರು 1 ಯೂನಿಟ್ ಅಲ್ಲೇ ಹೋಯ್ತು, ನಿಮ್ಮ ಫ್ರಿಜ್ ತಿನ್ನುವಷ್ಟೇ. ಕೊಳ್ಳುವ ಮುಂಚೆ ಡೇಟಾ ಶೀಟಿನಲ್ಲಿ ನೋ-ಲೋಡ್ ಬಳಕೆ ಎಷ್ಟೆಂದು ನೋಡಿ.

ಇನ್ನು ಬಿಸಿಲು. ಒಂದು ಕಿಲೋವಾಟ್ ಪ್ಯಾನಲಿಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಎನ್ನುವುದು ಗ್ರಿಡ್ಡಿಗೆ (ಕೆಎಸ್‌ಇಬಿ ಲೈನಿಗೆ) ಕಟ್ಟಿದ ಜೋಡಣೆಯ ಲೆಕ್ಕ. ಬ್ಯಾಟರಿ ಜೋಡಣೆಯಲ್ಲಿ ಬ್ಯಾಟರಿ ತುಂಬಿದ ಮೇಲೆ ಬಂದ ಬಿಸಿಲು ದಂಡ, ಆದ್ದರಿಂದ 3.5 ಹಿಡಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ 2ರಿಂದ 2.5. ನಿಮ್ಮ 1,080 ವಾಟಿಗೆ ಬೇಸಿಗೆಯಲ್ಲಿ 3.7 ಸರಿಯಾಗಿ ಸಿಗುತ್ತದೆ. ಜುಲೈಯಲ್ಲಿ 2.2ರಿಂದ 2.7.

ಹಾಗಾಗಿ ಕರೆಂಟು ಹೋಗುವ ತಿಂಗಳಲ್ಲೇ ಫ್ರಿಜ್ ನಡೆಯುವುದಿಲ್ಲ. ಫ್ರಿಜ್ ಬಿಟ್ಟರೆ ಉಳಿದ 2,000 ವಾಟ್-ಅವರ್‌ಗೆ ನಷ್ಟವೆಲ್ಲ ಸೇರಿ 2.7 ಯೂನಿಟ್ ಬೇಕು. ಅಂಚಿನಲ್ಲಿ ನಡೆದೀತು. ಜುಲೈಯಲ್ಲೂ ಫ್ರಿಜ್ ಬೇಕೆಂದರೆ ಪ್ಯಾನಲ್ 4 ಆಗಬೇಕು, ಬ್ಯಾಟರಿಯೂ ದೊಡ್ಡದು. ಒಂದು ಫ್ರಿಜ್ ಎಂದರೆ 30 ಸಾವಿರಕ್ಕೆ ಹತ್ತಿರದ ತೀರ್ಮಾನ ಮಾರಾಯ್ರೆ, ಅದನ್ನು ಮೊದಲು ಮಾಡಿ.

ಬಿಸಿಲುಗುದುರೆ

ಮೇಲಿನ ಲೆಕ್ಕ ಸರಿ. ಆದರೆ 12 ವೋಲ್ಟ್ ಬಿಟ್ಟುಬಿಡಿ. 24 ವೋಲ್ಟಿನ ಎಂಪಿಪಿಟಿ (ಪ್ಯಾನಲಿನ ಪೂರ್ತಿ ವಾಟನ್ನು ಹಿಂಡುವ ಬಗೆಯ) ಪಿಸಿಯು, ಅಂದರೆ ಚಾರ್ಜರ್ ಸೇರಿದ ಸೋಲಾರ್ ಇನ್ವರ್ಟರ್ ತನ್ನಿ, ಎರಡು ಪ್ಯಾನಲನ್ನು ಸೀರೀಸ್ (ಒಂದರ ಹಿಂದೆ ಒಂದು) ಕಟ್ಟಿ ಇಳಿಸಿ. ತೆಳ್ಳಗಿನ ವಯರು ಸಾಕು. 100 ವೋಲ್ಟ್ ಇನ್‌ಪುಟ್ ಇರುವ ಪಿಸಿಯು ಧಾರಾಳ ಸಿಗುತ್ತದೆ.

ಕುಂಬಳೆ ವಯರ್‌ಮನ್

ಬಿಸಿಲುಗುದುರೆಯವರೇ, 100 ವೋಲ್ಟಿನದ್ದು ಮಾತ್ರ ತರಿಸಬೇಡಿ. 540 ವಾಟಿನ ಪ್ಯಾನಲಿನ ಹಿಂದಿನ ಚೀಟಿ ಓದಿ: ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಾಗ ಬರುವುದು) 49.5 ಹತ್ತಿರ ಇರುತ್ತದೆ. ಎರಡು ಸೀರೀಸ್ ಆದರೆ 99. ಆ ಅಂಕಿ 25 ಡಿಗ್ರಿಗೆ ಬರೆದದ್ದು. ಪ್ಯಾನಲ್ ತಣಿದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ನೂರಕ್ಕೆ 0.28ರಂತೆ. ಜನವರಿ ಬೆಳಿಗ್ಗೆ 20 ಡಿಗ್ರಿಗೆ 100.4 ವೋಲ್ಟ್ ಆಯ್ತು. 100ರ ಮಿತಿಯ ಯಂತ್ರ ಅಲ್ಲಿಗೆ ಮುಗಿಯಿತು, ವಾರಂಟಿಯೂ ಇಲ್ಲ. ಮಿತಿ 120ಕ್ಕಿಂತ ಮೇಲಿರುವ, 145 ಅಥವಾ 150ರ ಪಿಸಿಯು ನೋಡಿ. ಸಾವಿರ, ಎರಡು ಸಾವಿರ ಹೆಚ್ಚಾದೀತು.

100ರದ್ದೇ ತಂದರೆ ಪ್ಯಾನಲನ್ನು ಪ್ಯಾರಲಲ್ (ಪಕ್ಕಪಕ್ಕ) ಕಟ್ಟಬೇಕು. ಆಗ 26 ಆಂಪಿಯರ್. ಮಾಡಿನಿಂದ ಬ್ಯಾಟರಿ ಕೋಣೆಗೆ 15 ಮೀಟರ್ ಎಂದರೆ ಹೋಗಿ ಬರುವ ವಯರು 30 ಮೀಟರ್. 4 ಚದರ ಮಿ.ಮೀ. ಸೋಲಾರ್ ಕೇಬಲಿನಲ್ಲಿ ಸುಮಾರು 4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಪ್ಯಾನಲ್ ಕೊಡುವುದೇ 41.5, ನೂರಕ್ಕೆ 9ಕ್ಕಿಂತ ಹೆಚ್ಚು ನಷ್ಟ. 10 ಚ.ಮಿ.ಮೀ. ಹಾಕಿದರೆ 1.5 ವೋಲ್ಟಿಗೆ ಇಳಿಯುತ್ತದೆ, ಕೇಬಲಿನ ಕ್ರಯ ಮಾತ್ರ ಎರಡು ಪಟ್ಟು ದಾಟುತ್ತದೆ. ಸೀರೀಸಿನಲ್ಲಿ 83 ವೋಲ್ಟಿಗೆ 13 ಆಂಪಿಯರ್, ಅದೇ 4 ಚ.ಮಿ.ಮೀ.ನಲ್ಲಿ 2 ವೋಲ್ಟ್ ಮಾತ್ರ. ಯಂತ್ರಕ್ಕೆ ಹೆಚ್ಚು ಕೊಟ್ಟದ್ದು ಕೇಬಲಿನಲ್ಲಿ ಬಂತು.

ತೋಟದಮನೆಯವರ 8,000 ರೂಪಾಯಿಯ 12 ವೋಲ್ಟ್ ಇನ್ವರ್ಟರಿನ ವಿಷಯ. ಆ ಕ್ರಯಕ್ಕೆ ಸಿಗುವುದು ಎಂಪಿಪಿಟಿಗಿಂತ ಅಗ್ಗದ ಬಗೆಯ ಪಿಡಬ್ಲ್ಯೂಎಂ. ಅದಕ್ಕೆ ಸಾಮಾನ್ಯವಾಗಿ 25 ವೋಲ್ಟ್ ಸುತ್ತಮುತ್ತ ಮಿತಿ. ಅದಕ್ಕೆ 49 ವೋಲ್ಟಿನ ಪ್ಯಾನಲ್ ಚುಚ್ಚಿದರೆ ಹೊಗೆ ಬಂದೀತು. ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ, ಪಿಡಬ್ಲ್ಯೂಎಂ ಪ್ಯಾನಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುತ್ತದೆ. 13.5 ವೋಲ್ಟ್ ಗುಣಿಸು 13 ಆಂಪಿಯರ್, 175 ವಾಟ್. 540ಕ್ಕೆ ಕೊಟ್ಟ ಹಣದಲ್ಲಿ 175 ತಗೊಂಡ ಹಾಗೆ.

ತೋಟದಮನೆ

ಅಂಗಡಿಯವರು "ಎಲ್ಲ ನಡೆಯುತ್ತದೆ" ಹೇಳಿದ್ದರು. ಸರಿ, 24 ವೋಲ್ಟ್ ಎಂಪಿಪಿಟಿ, 145 ಮಿತಿ ಎಂದು ಬರೆದುಕೊಂಡೆ. 2 ಕೆವಿಎ ಸಾಕಾ? ಬ್ಯಾಟರಿ ಎರಡು 150 ಆದರೆ ಆಯ್ತಾ?

ಹಳೇಬ್ಯಾಟರಿ

2 ಕೆವಿಎ ಎಂದರೆ ಸುಮಾರು 1,600 ವಾಟ್. ಫ್ರಿಜ್ ನಡೆಯುವಾಗ 150 ವಾಟ್ ಆದರೂ ಕಂಪ್ರೆಸರ್ ಏಳುವ ಕ್ಷಣದಲ್ಲಿ 900ರಿಂದ 1,000 ಕೇಳುತ್ತದೆ. ಆ ಹೊತ್ತಿಗೆ ಮಿಕ್ಸಿಯೂ ತಿರುಗುತ್ತಿದ್ದರೆ 1,600ರ ಬುಡಕ್ಕೆ ಬರುತ್ತದೆ, ಹೆಚ್ಚಿನ ಯಂತ್ರಗಳು ಒಂದೆರಡು ಸೆಕೆಂಡು ತಾಳಿಕೊಳ್ಳುತ್ತವೆ. ಇನ್ವರ್ಟರ್ ಕೊಡುವ ಕರೆಂಟು ಲೈನಿನ ಹಾಗೆ ನಯವಾದ, ಪ್ಯೂರ್ ಸೈನ್‌ವೇವ್ ಆಗಿರಲೇಬೇಕು. ಸ್ಕ್ವೇರ್ ವೇವ್‌ನಲ್ಲಿ ಫ್ರಿಜ್ ಬಿಸಿಯಾಗುತ್ತದೆ, ಬಿಎಲ್‌ಡಿಸಿ ಫ್ಯಾನಿನ ಬೋರ್ಡು ಹೋಗಲೂಬಹುದು.

ಬ್ಯಾಟರಿ. ರಾತ್ರಿಯ ಪಾಲು: ಬಲ್ಬು 360, ಫ್ಯಾನು 700, ಟಿವಿ 200, ರೂಟರ್ 140, ಫ್ರಿಜ್ 500. 1,900. ನಷ್ಟ ಸೇರಿಸಿ 2,110, ಇನ್ವರ್ಟರ್ ಕೂತು ತಿನ್ನುವುದು 14 ಗಂಟೆಗೆ 280. ಹತ್ತಿರ ಹತ್ತಿರ 2.4 ಯೂನಿಟ್.

ಟ್ಯೂಬುಲರ್ 150 ಎ.ಎಚ್. ಎರಡು ಎಂದರೆ ಚೀಟಿಯಲ್ಲಿ 3,600 ವಾಟ್-ಅವರ್. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಆಯುಷ್ಯ ಕಮ್ಮಿ, ಆದ್ದರಿಂದ ಕೈಗೆ ಸಿಗುವುದು 1,800. ಸಾಕಾಗುವುದಿಲ್ಲ. 200 ಎ.ಎಚ್. ಎರಡಾದರೆ 2,400, ಸರಿ ಹೊಂದುತ್ತದೆ. ಕೊಳ್ಳುವಾಗ ಸಿ10 (10 ಗಂಟೆಯಲ್ಲಿ ಖಾಲಿ ಮಾಡಿದ ಲೆಕ್ಕ) ರೇಟಿಂಗಾ ಸಿ20 (20 ಗಂಟೆಯದ್ದು) ರೇಟಿಂಗಾ ಕೇಳಿ. ಸೋಲಾರ್ ಎಂದು ಮಾರುವವು ಸಿ10, ಮಾಮೂಲು ಇನ್ವರ್ಟರ್ ಬ್ಯಾಟರಿ ಸಿ20. ಸಿ20ರಲ್ಲಿ 150 ಎಂದು ಬರೆದದ್ದು 10 ಗಂಟೆಯಲ್ಲಿ ಖಾಲಿ ಮಾಡಿದರೆ 150 ಕೊಡುವುದಿಲ್ಲ. ಕ್ರಯದಲ್ಲಿ ಸಾವಿರ ಕಮ್ಮಿ ಕಂಡರೆ ಗುಟ್ಟು ಇದೇ ಇರಬಹುದು.

ಲಿಥಿಯಂ ಬ್ಯಾಟರಿ ಎಂದರೆ ಇಲ್ಲಿ ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. 25.6 ವೋಲ್ಟ್ 100 ಎ.ಎಚ್. ಒಂದು ಪೆಟ್ಟಿಗೆ 2,560 ವಾಟ್-ಅವರ್, ನೂರಕ್ಕೆ 90 ಬಳಸಬಹುದು, 2,300. ಸ್ವಲ್ಪ ಕಮ್ಮಿ ಬೀಳುತ್ತದೆ. ರಾತ್ರಿ 12ರ ಮೇಲೆ ಫ್ರಿಜ್ಜನ್ನು ಕೆಎಸ್‌ಇಬಿಗೆ ಬಿಟ್ಟರೆ ಆರಾಮ. ಅಂಗಡಿಯಲ್ಲಿ 35ರಿಂದ 45 ಸಾವಿರ, ಎರಡು 200 ಟ್ಯೂಬುಲರ್ ಕೂಡ 40ರ ಹತ್ತಿರವೇ. ಟ್ಯೂಬುಲರ್ ಆರೈಕೆ ಮಾಡಿದರೆ 4–5 ವರ್ಷ, ಎಲ್‌ಎಫ್‌ಪಿ ಅದರ ಎರಡು ಪಟ್ಟು. ಲೆಕ್ಕ ತಾನೇ ಹೇಳುತ್ತದೆ.

ಇನ್ನೊಂದು, ಹೆಚ್ಚಿನವರು ನೋಡದ್ದು. ಟ್ಯೂಬುಲರ್ ತನ್ನ ಎ.ಎಚ್.ನ ನೂರಕ್ಕೆ 10–15ರಷ್ಟೇ ಚಾರ್ಜಿಂಗ್ ಕರೆಂಟು ತಾಳುತ್ತದೆ. 150ಕ್ಕೆ 15ರಿಂದ 22 ಆಂಪಿಯರ್. ನಿಮ್ಮ ಎರಡು ಪ್ಯಾನಲ್ ಒಳ್ಳೆ ಬಿಸಿಲಿಗೆ 33 ಆಂಪಿಯರ್ ತಳ್ಳುತ್ತವೆ. ಪಿಸಿಯುನಲ್ಲಿ ಮಿತಿ ಹಾಕದಿದ್ದರೆ ನೀರು ಕುದಿದು ಖಾಲಿ, ಮಿತಿ ಹಾಕಿದರೆ ಬಿಸಿಲು ದಂಡ. ಜುಲೈಯಲ್ಲಿ ಬಿಸಿಲು ಬರುವುದೇ ಎರಡು ಮೂರು ಗಂಟೆ, ಆಗ ಬಂದದ್ದನ್ನೆಲ್ಲ ಗಬಗಬ ನುಂಗುವುದು ಎಲ್‌ಎಫ್‌ಪಿ ಮಾತ್ರ. ನಮ್ಮ ಕಡೆಗೆ ಲಿಥಿಯಂ ಹೇಳುವುದಕ್ಕೆ ನನ್ನ ದೊಡ್ಡ ಕಾರಣ ಅದು, ಆಯುಷ್ಯ ಆಮೇಲೆ.

ಬಿಸಿಲುಗುದುರೆ

100 ವೋಲ್ಟಿನ ತಪ್ಪು ಒಪ್ಪಿದೆ. ಲಿಥಿಯಂ ಹಾಕಿದ ಮೇಲೆ ರಾತ್ರಿ ಫಕ್ಕನೆ ಎಲ್ಲ ಆಫ್ ಆಗುವುದು, ಬೆಳಿಗ್ಗೆ ತಾನೇ ಬರುವುದು ಎಂಬ ದೂರು ತುಂಬ ಕಡೆ ಉಂಟಲ್ಲ, ಅದು ಏಕೆ?

ಹಳೇಬ್ಯಾಟರಿ

ಸೆಟ್ಟಿಂಗ್. ಪೆಟ್ಟಿಗೆಯೊಳಗಿನ ಬಿಎಂಎಸ್ ಎಂಬ ಕಾವಲುಗಾರ ಬೋರ್ಡು ಒಂದು ಸೆಲ್ ಮಿತಿಗೆ ಬಂದ ಕೂಡಲೇ ಇಡೀ ಪೆಟ್ಟಿಗೆಯನ್ನು ಕತ್ತರಿಸುತ್ತದೆ. 24 ವೋಲ್ಟಿನ ಪೆಟ್ಟಿಗೆಯಲ್ಲಿ 8 ಸೆಲ್, ಒಂದಕ್ಕೆ 3.65 ಮೇಲಿನ ಮಿತಿ, ಒಟ್ಟು 29.2. ಪಿಸಿಯು "ಟ್ಯೂಬುಲರ್" ಮೋಡಿನಲ್ಲೇ ಉಳಿದರೆ 29ರ ಮೇಲೆ ತಳ್ಳುತ್ತದೆ, ಮಧ್ಯಾಹ್ನ ಕಟ್. ಚಾರ್ಜಿಂಗನ್ನು 28ರಿಂದ 28.4ಕ್ಕೆ ಇಡಿ, ಈಕ್ವಲೈಸೇಶನ್ (ಟ್ಯೂಬುಲರಿಗೆ ಆಗಾಗ ಕೊಡುವ ಹೆಚ್ಚಿನ ಚಾರ್ಜ್) ಪೂರ್ತಿ ಬಂದ್ ಮಾಡಿ. ರಾತ್ರಿ ಕಟ್ ಆಗುವುದಕ್ಕೆ ಕೆಳಗಿನ ಮಿತಿ ಕಾರಣ. ಇನ್ವರ್ಟರಿನ ಲೋ ಕಟ್ 24ರ ಸುತ್ತ ಇಟ್ಟರೆ ಬಿಎಂಎಸ್‌ಗಿಂತ ಮೊದಲು ಇನ್ವರ್ಟರೇ ಕೂಗಿ ನಿಲ್ಲುತ್ತದೆ. ಲಿಥಿಯಂ ಸೆಟ್ಟಿಂಗ್ ಇಲ್ಲದ ಪಿಸಿಯು ಎಷ್ಟು ಅಗ್ಗವಾದರೂ ತರಬೇಡಿ.

ಇನ್ನೊಂದು ದೂರು "ಸೋಲಾರ್ ಹಾಕಿದರೂ ಬಿಲ್ಲು ಇಳಿಯಲಿಲ್ಲ" ಎಂಬುದು. ಪಿಸಿಯು ಗ್ರಿಡ್ ಪ್ರಯಾರಿಟಿಯಲ್ಲಿದ್ದರೆ ಕೆಎಸ್‌ಇಬಿಯಿಂದಲೇ ಮನೆ ನಡೆಸಿ, ಬ್ಯಾಟರಿ ತುಂಬಿಸಿಟ್ಟು, ಪ್ಯಾನಲನ್ನು ಸುಮ್ಮನೆ ಕೂರಿಸುತ್ತದೆ. ಅದನ್ನು ಸೋಲಾರ್ ಪ್ರಯಾರಿಟಿಗೆ ತಿರುಗಿಸಬೇಕು. ಮಳೆಗಾಲದಲ್ಲಿ ಮಾತ್ರ ವಾಪಸು ಗ್ರಿಡ್‌ಗೆ, ಯಾಕೆಂದರೆ ಆಗ ಬ್ಯಾಟರಿ ಸದಾ ತುಂಬಿರಬೇಕು.

ಉಪ್ಪಳ ಕಡಲಕರೆ

ಮಾಡಿನ ವಿಷಯ ಯಾರೂ ಎತ್ತಲಿಲ್ಲ. 540ರ ಪ್ಯಾನಲ್ ಉದ್ದ 2.28 ಮೀಟರ್, ಅಗಲ 1.13, ತೂಕ 28 ಕೆ.ಜಿ. ಹಂಚಿನ ಮೇಲೆ ಕೂರಿಸಲಿಕ್ಕೆ ಹಂಚು ಸರಿಸಿ ಪಕ್ಕಾಸಿಗೆ (ಮಾಡಿನ ಇಳಿಜಾರು ಮರ) ಕೊಕ್ಕೆ ಬಿಗಿಯಬೇಕು, ಅದರ ಮೇಲಿನ ಅಡ್ಡಪಟ್ಟಿಯಾದ ರೀಪಿಗಲ್ಲ. ಕೊಕ್ಕೆ ಹೊರಬರುವಲ್ಲಿ ಹಂಚು ಕೊರೆಯಬೇಕು, ಆಟಿಯ ಮಳೆ ಆ ಕಂಡಿಯನ್ನು ಹುಡುಕಿಯೇ ಹುಡುಕುತ್ತದೆ. ಮತ್ತೆ ಪಾಚಿ ತೊಳೆಯಲಿಕ್ಕೆ ಹಂಚಿನ ಮೇಲೆ ಹತ್ತುವವರು ಯಾರು? ತಾರಸಿ ಉಂಟಲ್ಲ, ಅಲ್ಲೇ ಇಡಿ. 12 x 14ರಲ್ಲಿ ಎರಡು ಪ್ಯಾನಲ್ ಇಟ್ಟು ಸುತ್ತ ನಡೆಯಲಿಕ್ಕೆ ಜಾಗ ಉಳಿಯುತ್ತದೆ.

ತಾರಸಿಗೆ ಕೊರೆದು ಬೋಲ್ಟ್ ಹಾಕಿದರೆ ಸೋರುವಿಕೆಗೆ ನೀವೇ ದಾರಿ ಮಾಡಿದ ಹಾಗೆ. ಕಾಂಕ್ರೀಟ್ ಬ್ಲಾಕಿನ ಭಾರದಿಂದ ನಿಲ್ಲಿಸುವುದು ಒಳ್ಳೆಯದು. ಎಷ್ಟು ಭಾರ? ಈ ಕರಾವಳಿಗೆ ಕಟ್ಟಡದ ಲೆಕ್ಕದಲ್ಲಿ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್. ಆ ವೇಗಕ್ಕೆ ಒತ್ತಡ ಚದರ ಮೀಟರಿಗೆ 93 ಕೆ.ಜಿ. ಎರಡು ಪ್ಯಾನಲ್ 5.16 ಚದರ ಮೀಟರ್, ಮೋಟಾಗಿ 480 ಕೆ.ಜಿ. ಎತ್ತುವ ಬಲ. ಪ್ಯಾನಲ್, ಕಬ್ಬಿಣ ಎಲ್ಲ ಸೇರಿ 90 ಕೆ.ಜಿ.ಯೂ ಇಲ್ಲ. 1 ಅಡಿ x 1 ಅಡಿ x 1 ಅಡಿಯ ಬ್ಲಾಕು 68 ಕೆ.ಜಿ. ತೂಗುತ್ತದೆ. ಆರು ಬ್ಲಾಕು 408. ಸರಿ ಹೋಯಿತು. ಸಿಮೆಂಟು ಎರಡು ಚೀಲ ಪೂರ್ತಿ ಬೇಡ. ಬ್ಲಾಕು ಎರಕ ಹಾಕುವಾಗಲೇ ಬೋಲ್ಟ್ ಒಳಗೆ ಕೂರಿಸಿ.

ಕಬ್ಬಿಣಕ್ಕೆ ಪೈಂಟು ಹೊಡೆದ ಮಾಮೂಲು ಆಂಗಲ್ ಬೇಡ. ಬದಿಯಡ್ಕಕ್ಕೆ ಕಡಲಿನ ಉಪ್ಪುಗಾಳಿ ಉಪ್ಪಳ, ಮಂಜೇಶ್ವರದಷ್ಟಿಲ್ಲ, ಆದರೂ ಐದು ತಿಂಗಳ ಪಸೆ ಸಾಕು ತುಕ್ಕಿಗೆ. ಹಾಟ್ ಡಿಪ್ ಜಿಐ (ಸತುವಿನಲ್ಲಿ ಅದ್ದಿದ ಕಬ್ಬಿಣ) ತಗೊಳ್ಳಿ, ಕತ್ತರಿಸಿದ ತುದಿಗೆ, ಕೊರೆದ ತೂತಿಗೆ ಝಿಂಕ್ ಪೈಂಟು. ಬೋಲ್ಟು ಎಸ್‌ಎಸ್ 304. ಅಲ್ಯೂಮಿನಿಯಂ ಫ್ರೇಮಿಗೆ ಜಿಐ ನೇರ ತಾಗುವಲ್ಲಿ ರಬ್ಬರ್ ವಾಷರ್ ಇಡಿ, ಇಲ್ಲದಿದ್ದರೆ ಪಸೆಯಲ್ಲಿ ಎರಡು ಲೋಹ ಒಂದನ್ನೊಂದು ತಿನ್ನುತ್ತವೆ.

ಲೆಕ್ಕಪುಸ್ತಕ

ಇಳಿಜಾರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾವಿರುವುದು 12.5 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 23ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ 20ರ ಹತ್ತಿರ ವಾಪಸು ಬರುತ್ತಾನೆ. ಆ ನಾಲ್ಕು ತಿಂಗಳು ದಕ್ಷಿಣಕ್ಕೆ ಕಡಿದಾಗಿ ಬಾಗಿಸಿದ ಪ್ಯಾನಲಿಗೆ ನಷ್ಟವೇ. ಉತ್ತರ ಭಾರತದ ವಿಡಿಯೋ ನೋಡಿ 25–30 ಡಿಗ್ರಿ ಬಾಗಿಸುವವರಿದ್ದಾರೆ. ನಮಗೆ 10ರಿಂದ 12 ಸಾಕು, ಗಾಳಿಯೂ ಕಮ್ಮಿ ಹಿಡಿಯುತ್ತದೆ. 10ಕ್ಕಿಂತ ಇಳಿಸಬೇಡಿ, ಮಳೆನೀರು ಕೆಳಗಿನ ಫ್ರೇಮಿನ ಅಂಚಿನಲ್ಲಿ ನಿಂತು ಪಾಚಿ ಹಿಡಿಯುತ್ತದೆ, ಕೊನೆಯ ಸಾಲಿನ ಸೆಲ್‌ಗಳಿಗೆ ನೆರಳಾಗುತ್ತದೆ.

ನೆರಳು ಎಂದಾಗ: ತಾರಸಿಯ ದಕ್ಷಿಣಕ್ಕೆ ಅಡಿಕೆ ಮರ ಎಷ್ಟು ದೂರ? ಪ್ಯಾನಲಿಗಿಂತ 10 ಮೀಟರ್ ಎತ್ತರದ ಮರ ಡಿಸೆಂಬರ್ ಮಧ್ಯಾಹ್ನ 7 ಮೀಟರ್ ನೆರಳು ಬೀಳಿಸುತ್ತದೆ, ಬೆಳಿಗ್ಗೆ 9ಕ್ಕೆ ಇನ್ನೂ ಉದ್ದ. ಒಂದು ಸೋಗೆಯ ನೆರಳು ಪ್ಯಾನಲಿಗೆ ಅಡ್ಡ ಬಿದ್ದರೆ ಅದರ ಮೂರನೇ ಒಂದು ಭಾಗ ಸತ್ತ ಹಾಗೆ. ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3ಕ್ಕೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ನೆರಳಿನ ಗೆರೆ ಎಳೆಯಿರಿ. ಖರ್ಚಿಲ್ಲದ ಸರ್ವೆ. ಪ್ಯಾನಲಿನ ಮೇಲೆ ತೆಂಗು ಬಾಗಿದ್ದರೆ ಮಾತ್ರ ಲೆಕ್ಕವೇ ಬೇಡ, ಜಾಗ ಬದಲಿಸಿ.

ಕುಂಬಳೆ ವಯರ್‌ಮನ್

ಈಗ ಸುರಕ್ಷೆ. ಹಣ ಉಳಿಸಲು ಜನ ಕತ್ತರಿ ಹಾಕುವುದೇ ಇಲ್ಲಿ.

ಡಿಸಿ (ಪ್ಯಾನಲ್, ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟು) ಬದಿಗೆ ಡಿಸಿ ಎಂಸಿಬಿಯೇ (ತಾನೇ ಬೀಳುವ ಸ್ವಿಚ್ಚು) ಬೇಕು. ಮನೆಯ ಎಸಿ ಎಂಸಿಬಿ ಹಾಕಿದರೆ ಆಫ್ ಮಾಡುವಾಗ ಕಿಡಿ ನಿಲ್ಲುವುದಿಲ್ಲ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ಅಲ್ಲಿ ಸಾಯುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಎಂಸಿಬಿ ಒಳಗೇ ಉರಿದು ಕರಗುತ್ತದೆ. ಡಿಸಿ ಎಂಸಿಬಿಯಲ್ಲೂ ಕೆಲವಕ್ಕೆ ಪ್ಲಸ್ ಮೈನಸ್ ಗುರುತು ಇರುತ್ತದೆ, ತಿರುಗಿಸಿ ಕಟ್ಟಿದರೆ ಅದೇ ಗತಿ.

ಬ್ಯಾಟರಿ ವಯರು: 1,600 ವಾಟಿಗೆ 24 ವೋಲ್ಟಿನಲ್ಲಿ 74 ಆಂಪಿಯರ್ ಹರಿಯುತ್ತದೆ. 25 ಚ.ಮಿ.ಮೀ. ತಾಮ್ರ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ವಯರಿನ ತುದಿಯ ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ. ಸುತ್ತಿಗೆಯಲ್ಲಿ ಬಡಿದ ಲಗ್ಗು ಬಿಸಿಯಾಗುತ್ತದೆ. ಬ್ಯಾಟರಿ ಪ್ಲಸ್ಸಿನ ಬುಡದಲ್ಲೇ 100 ಅಥವಾ 125 ಆಂಪಿಯರ್ ಫ್ಯೂಸು. ಅದಿಲ್ಲದ ಬ್ಯಾಟರಿಯಲ್ಲಿ ಸ್ಪ್ಯಾನರ್ ಅಡ್ಡ ಬಿದ್ದರೆ ಸ್ಪ್ಯಾನರೇ ವೆಲ್ಡಿಂಗ್ ಆದೀತು. ಪ್ಯಾನಲ್ ವಯರು ಜೋಡಿಸುವ ಎಂಸಿ-4 ಕನೆಕ್ಟರ್ ಗಂಡು ಒಂದು ಕಂಪೆನಿಯದ್ದು, ಹೆಣ್ಣು ಇನ್ನೊಂದರದ್ದು ಹಾಕಬೇಡಿ, ಸಡಿಲ ಕೂತು ಮಳೆನೀರು ಒಳಗೆ ಹೋಗುತ್ತದೆ.

ಸಿಡಿಲು. ಏಪ್ರಿಲ್-ಮೇ ಮತ್ತು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿನ ಮಳೆಗೆ, ಸಿಡಿಲಿನ ಹೊಡೆತವನ್ನು ಭೂಮಿಗೆ ಹರಿಸುವ ಎಸ್‌ಪಿಡಿ ಇಲ್ಲದೆ ಪಿಸಿಯು ಇಟ್ಟರೆ ಅದೃಷ್ಟದ ಆಟ. ಡಿಸಿ ಬದಿಗೆ ಟೈಪ್ 2, ಎಸಿ ಬದಿಗೆ ಇನ್ನೊಂದು. ಎಸ್‌ಪಿಡಿಯಿಂದ ಅರ್ಥಿಗೆ ಹೋಗುವ ವಯರು ನೇರ, ಗಿಡ್ಡ ಇರಬೇಕು. ಸುರುಳಿ ಸುತ್ತಿಟ್ಟರೆ ಸಿಡಿಲಿಗೆ ಅದು ಗೋಡೆಯ ಹಾಗೆ. ಮುರಕಲ್ಲಿನ ಗುಡ್ಡೆಯಲ್ಲಿ ಅರ್ಥ್ ಪಿಟ್ಟು ಮಾರ್ಚಿಗೆ ಪೂರ್ತಿ ಒಣಗುತ್ತದೆ, ಕಾಗದದ ಮೇಲೆ ಮಾತ್ರ ಅರ್ಥ್. ಬಚ್ಚಲಿನ ನೀರು ಹೋಗುವ ಬದಿಯಲ್ಲಿ, ತೆಂಗಿನ ಬುಡದ ಮಣ್ಣಿನಲ್ಲಿ ಹಾಕಿ. ಪ್ಯಾನಲ್ ಫ್ರೇಮಿಗೆ ಒಂದು, ಯಂತ್ರಕ್ಕೆ ಒಂದು, ಕೆಳಗೆ ಎರಡನ್ನೂ ಜೋಡಿಸಿ.

ಮನೆಯೊಳಗೆ: ಇನ್ವರ್ಟರಿನ ಸರ್ಕ್ಯೂಟಿಗೆ ಬೇರೆಯೇ ನ್ಯೂಟ್ರಲ್ ಎಳೆಯಬೇಕು. ಹಳೆ ಮನೆಗಳಲ್ಲಿ ಎಲ್ಲ ಕೋಣೆಗೂ ಒಂದೇ ನ್ಯೂಟ್ರಲ್. ಫೇಸ್ ಮಾತ್ರ ಬದಲಿಸಿ ಕೊಟ್ಟರೆ ಹೋದ ಕರೆಂಟು ಬೇರೆ ದಾರಿಯಲ್ಲಿ ವಾಪಸು ಬಂದು, ಶಾಕ್ ತಡೆಯುವ ಇಎಲ್‌ಸಿಬಿ ಪಟ್ ಅಂತ ಬೀಳುತ್ತದೆ. ಆಗ ಕೆಲವರು ಇಎಲ್‌ಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಜೀವ ತೆಗೆಯುವ ಕೆಲಸ. ಮತ್ತೆ, ಇನ್ವರ್ಟರಿನ ಕರೆಂಟು ಯಾವ ಕಾರಣಕ್ಕೂ ಕೆಎಸ್‌ಇಬಿ ಲೈನಿಗೆ ತಿರುಗಿ ಹೋಗಬಾರದು. ಮರ ಬಿದ್ದ ಕಡೆ ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ. ಚೇಂಜ್‌ಓವರ್ ಸ್ವಿಚ್ಚು (ಇನ್ವರ್ಟರ್ ಇಲ್ಲವೇ ಲೈನು, ಒಂದನ್ನೇ ಜೋಡಿಸುವುದು) ಹಾಕಿ, ಈ ಭಾಗವೊಂದನ್ನು ಪರ್ಮಿಟ್ ಇರುವ ವಯರ್‌ಮನ್ ಕೈಯಲ್ಲೇ ಮಾಡಿಸಿ. ಪ್ಯಾನಲ್, ಸ್ಟ್ಯಾಂಡ್, ಪೈಪು ಎಳೆಯುವುದು ಎಲ್ಲ ನೀವೇ ಮಾಡಬಹುದು.

ತೋಟದಮನೆ

ಸರಿ, ಹೊಸ ಪಟ್ಟಿ. ಅಂಗಡಿಗಳಲ್ಲಿ ಕೇಳಿದ ದರದ ನಡುವಿನ ಅಂಕಿ ಹಾಕಿದ್ದೇನೆ.

ಪ್ಯಾನಲ್ 2 – 22,000
24 ವೋಲ್ಟ್ 2 ಕೆವಿಎ ಎಂಪಿಪಿಟಿ, 145 ಮಿತಿ – 21,000
ಎಲ್‌ಎಫ್‌ಪಿ 25.6 ವೋಲ್ಟ್ 100 ಎ.ಎಚ್. – 38,000
ಜಿಐ ಸ್ಟ್ಯಾಂಡು, 6 ಬ್ಲಾಕು, ಎಸ್‌ಎಸ್ ಬೋಲ್ಟು – 6,500
4 ಚ.ಮಿ.ಮೀ. ಕೇಬಲ್ 30 ಮೀಟರ್, ಎಂಸಿ-4, ಪೈಪು – 2,800
ಡಿಸಿ ಬಾಕ್ಸು, ಎಂಸಿಬಿ, ಎಸ್‌ಪಿಡಿ ಸೇರಿ – 2,500
ಬ್ಯಾಟರಿ ವಯರು, ಫ್ಯೂಸು – 1,500
ಎಸಿ ಬದಿ: ಚೇಂಜ್‌ಓವರ್, ಬೇರೆ ಡಿಬಿ (ಎಂಸಿಬಿಗಳ ಪೆಟ್ಟಿಗೆ), ಎಸ್‌ಪಿಡಿ, ನ್ಯೂಟ್ರಲ್ ವಯರು – 5,000
ಅರ್ಥಿಂಗ್ 2 – 4,000
ಸಾಗಾಟ – 2,500
ವಯರ್‌ಮನ್ 2 ದಿನ – 3,000

ಒಟ್ಟು 1,08,800. ಬಿಎಲ್‌ಡಿಸಿ ಫ್ಯಾನು 3ಕ್ಕೆ 9,000 ಬೇರೆ. ಹಳೆ ಫ್ಯಾನೇ ಇರಲಿ ಅಂದರೆ?

ಲೆಕ್ಕಪುಸ್ತಕ

ಹಳೆ ಫ್ಯಾನು 75 ವಾಟ್. ಮೂರಕ್ಕೆ ದಿನಕ್ಕೆ 2,250 ವಾಟ್-ಅವರ್, 900 ಅಲ್ಲ. ಹೆಚ್ಚಾದ 1,350ಕ್ಕೆ ಇನ್ನೊಂದು ಪ್ಯಾನಲ್ ಬೇಕು, ರಾತ್ರಿಯ ಪಾಲಿಗೆ ಬ್ಯಾಟರಿ ಒಂದೂವರೆ ಪಟ್ಟು. 9,000 ಉಳಿಸಲು ಹೋಗಿ 30,000 ಕೊಡುವುದು. ಫ್ಯಾನು ಬದಲಿಸಿ.

ಪಟ್ಟಿಯನ್ನು ಒಮ್ಮೆ ನೋಡಿ. ಪ್ಯಾನಲ್, ಪಿಸಿಯು, ಬ್ಯಾಟರಿ 81,000. ಚಿಲ್ಲರೆ ಎಂದು ಯಾರೂ ಬರೆಯದ ಭಾಗ 27,800, ಒಟ್ಟಿನ ನೂರಕ್ಕೆ 26. ಇದರ ಮೇಲೆ ನೂರಕ್ಕೆ 10 ಕೈಯಲ್ಲಿಟ್ಟುಕೊಳ್ಳಿ, ಲಗ್ಗು, ಟೈ, ತಪ್ಪಿ ಕತ್ತರಿಸಿದ ಕೇಬಲಿಗೆ. 1,20,000 ಎಂದು ಹಿಡಿಯಿರಿ.

ಈಗ ಕಹಿ ಮಾತು. ವರ್ಷಕ್ಕೆ ನಿಜವಾಗಿ ಬಳಕೆಗೆ ಬರುವುದು ಸುಮಾರು 1,100 ಯೂನಿಟ್. ಎರಡು ತಿಂಗಳಿಗೆ 300 ಎಂದರೆ ನೀವು ತಿಂಗಳಿಗೆ 150ರ ಸ್ಲ್ಯಾಬಿನಲ್ಲಿದ್ದೀರಿ. ಅಲ್ಲಿಂದ ಕೆಳಗಿಳಿದಷ್ಟೂ ಉಳಿತಾಯದ ದರವೂ ಇಳಿಯುತ್ತದೆ. ಯೂನಿಟ್ಟಿಗೆ ಸರಾಸರಿ 5 ರೂ. ಹಿಡಿದರೆ ವರ್ಷಕ್ಕೆ 5,500. ಹಾಕಿದ ಹಣ ವಾಪಸಾಗಲು ಸುಮಾರು 22 ವರ್ಷ, ಅಷ್ಟರಲ್ಲಿ ಬ್ಯಾಟರಿ ಒಮ್ಮೆಯಾದರೂ ಬದಲಾಗಿರುತ್ತದೆ. ಬಿಲ್ಲು ಉಳಿಸಲಿಕ್ಕೆ ಇದನ್ನು ಹಾಕಬೇಡಿ. ಕತ್ತಲಾಗದಿರಲಿಕ್ಕೆ ಹಾಕುವುದಾದರೆ ಹಾಕಿ.

ತಿಂಗಳಿಗೆ 250 ಯೂನಿಟ್ ದಾಟುವ ಮನೆಯ ಕಥೆ ಬೇರೆ. ಅಲ್ಲಿ ಟೆಲಿಸ್ಕೋಪಿಕ್ (ಮೆಟ್ಟಿಲು ಮೆಟ್ಟಿಲಾಗಿ ಏರುವ) ದರ ಬಿಟ್ಟುಹೋಗಿ ಮೊದಲ ಯೂನಿಟ್ಟಿನಿಂದಲೇ ಒಂದೇ ದೊಡ್ಡ ದರ. ಎರಡು ತಿಂಗಳಿಗೆ 520 ಆಗುವವರು 180 ಇಳಿಸಿದರೆ ಉಳಿದ 340ಕ್ಕೂ ಕಮ್ಮಿ ದರ ಬೀಳುತ್ತದೆ.

ಬಿಸಿಲುಗುದುರೆ

ಹಾಗಾದರೆ ಸಬ್ಸಿಡಿಯ ಗ್ರಿಡ್ ಸೋಲಾರೇ ಒಳ್ಳೆಯದಲ್ಲವಾ? ಪಿಎಂ ಸೂರ್ಯಘರ್‌ನಲ್ಲಿ 78,000 ಕೊಡ್ತಾರಲ್ಲ?

ಲೆಕ್ಕಪುಸ್ತಕ

ಬಿಲ್ಲಿನ ಲೆಕ್ಕಕ್ಕೆ ಹೌದು. 2024ರ ಆ ಯೋಜನೆಯಲ್ಲಿ ಮೊದಲ 2 ಕಿಲೋವಾಟಿಗೆ 30,000ದಂತೆ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಆದರೆ ನೋಂದಾಯಿತ ಮಾರಾಟಗಾರರೇ ಹಾಕಬೇಕು, ಪ್ಯಾನಲ್ ದೇಶದೊಳಗೆ ಮಾಡಿದ ಸೆಲ್‌ನ ಡಿಸಿಆರ್ ಆಗಿರಬೇಕು, ಅದರ ಕ್ರಯ ವಾಟಿಗೆ ಹೆಚ್ಚು. ಕೈಯಾರೆ ಜೋಡಿಸಿದ್ದಕ್ಕೆ ಒಂದು ಪೈಸೆಯೂ ಇಲ್ಲ. ಮತ್ತೆ ಮಾಮೂಲು ಗ್ರಿಡ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಲೈನ್‌ಮನ್‌ನ ಜೀವಕ್ಕಾಗಿ ಹಾಗೆ ಮಾಡಿದ್ದು. ಮಟಮಟ ಮಧ್ಯಾಹ್ನ ಮಾಡಿನ ಮೇಲೆ 3 ಕಿಲೋವಾಟ್ ಇದ್ದೂ ಮನೆಯಲ್ಲಿ ಫ್ಯಾನು ತಿರುಗುವುದಿಲ್ಲ. ತೋಟದಮನೆಯವರ ತೊಂದರೆ ಆಟಿಯ ಎರಡು ದಿನ. ಅದಕ್ಕೆ ಅದು ಮದ್ದಲ್ಲ.

ಉಪ್ಪಳ ಕಡಲಕರೆ

ಸಾಮಾನು ಮಂಗಳೂರಿನಿಂದ ತರುವುದಾದರೆ ಎರಡು ವಿಷಯ. ಸೆಪ್ಟೆಂಬರ್ 22, 2025ರಿಂದ ಪ್ಯಾನಲಿಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಹಳೆ ಕೊಟೇಶನ್ ಹಿಡಿದು ಬಂದವರಿಗೆ ಅದೇ ದರ ಕೊಡಬೇಡಿ. ಬ್ಯಾಟರಿಗೆ 18. ಎರಡನೆಯದು, ತಲಪಾಡಿ ದಾಟುವ ಬಿಲ್ಲು 50,000 ಮೀರಿದರೆ ಇ-ವೇ ಬಿಲ್ ಅಂಗಡಿಯವರಿಂದಲೇ ಮಾಡಿಸಿ.

ಪ್ಯಾನಲ್ ಸಾಗಿಸುವುದು ನಿಲ್ಲಿಸಿ, ಮಲಗಿಸಿ ಅಲ್ಲ. ಮಲಗಿಸಿ ಮೇಲೆ ಕೂತರೆ ಗಾಜು ಒಡೆಯುವುದಿಲ್ಲ, ಒಳಗಿನ ಸೆಲ್ ಕೂದಲೆಳೆಯಷ್ಟು ಬಿರಿಯುತ್ತದೆ. ಕಣ್ಣಿಗೆ ಕಾಣದು, ಎರಡು ವರ್ಷದ ಮೇಲೆ ಬಿಸಿ ಚುಕ್ಕೆಯಾಗಿ ಕಾಣಿಸುತ್ತದೆ. ಇಳಿಸಿದ ದಿನವೇ ಬಿಸಿಲಿಗೆ ಹಿಡಿದು ಮಲ್ಟಿಮೀಟರಿನಲ್ಲಿ ನೋಡಿ. ಎರಡರಲ್ಲೂ ಒಂದೇ ವೋಲ್ಟೇಜ್ ಬರಬೇಕು, ಬಿಸಿಯಾದ ಪ್ಯಾನಲಿಗೆ 45–46 ಬಂದರೆ ಹೆದರುವುದು ಬೇಡ. ಒಂದು 46, ಇನ್ನೊಂದು 30 ಬಂದರೆ ವಾಪಸು ಕಳಿಸಿ.

ತೋಟದಮನೆ

ಫ್ರಿಜ್ಜಿಗೆ ಬೇರೆ ಚೇಂಜ್‌ಓವರ್ ಹಾಕಿ ಮಳೆಗಾಲದಲ್ಲಿ ಕೆಎಸ್‌ಇಬಿಗೆ ಬಿಡುವುದು ಎಂದು ತೀರ್ಮಾನಿಸಿದೆ. ಪ್ಯಾನಲ್ 2ಕ್ಕೇ ನಿಲ್ಲಿಸುತ್ತೇನೆ. ಮುಂದೆ ಬೇಕೆಂದರೆ ಇನ್ನೆರಡು ಸೇರಿಸಲಿಕ್ಕೆ ಈಗಲೇ ಎಂಥ ಮಾಡಿಡಬೇಕು?

ಕುಂಬಳೆ ವಯರ್‌ಮನ್

ಪಿಸಿಯುನ ಚೀಟಿಯಲ್ಲಿ ಪ್ಯಾನಲ್ ಎಷ್ಟು ವಾಟ್‌ವರೆಗೆ, ಚಾರ್ಜಿಂಗ್ ಎಷ್ಟು ಆಂಪಿಯರ್ ಎಂದು ಎರಡನ್ನೂ ನೋಡಿ. ನಾಲ್ಕು ಪ್ಯಾನಲಿಗೆ 2,160 ವಾಟ್, 24 ವೋಲ್ಟಿನಲ್ಲಿ 65 ಆಂಪಿಯರ್ ಹತ್ತಿರ. 40 ಆಂಪಿಯರಿನ ಯಂತ್ರ ತಗೊಂಡರೆ ಮುಂದೆ ಸೇರಿಸಿದ್ದು ದಂಡ. 100 ಎ.ಎಚ್. ಲಿಥಿಯಂ ಕೂಡ ಸಾಮಾನ್ಯವಾಗಿ 50 ಆಂಪಿಯರ್‌ವರೆಗೆ ಸಾಕು ಎನ್ನುತ್ತದೆ, ಆದ್ದರಿಂದ ಪ್ಯಾನಲ್ ಸೇರಿಸುವ ದಿನ ಬ್ಯಾಟರಿಯನ್ನೂ ಸೇರಿಸಬೇಕು. ಪ್ಯಾನಲ್ ಸೇರಿಸುವುದು ಎರಡೆರಡರ ಸೀರೀಸಾಗಿ, ಆಮೇಲೆ ಪ್ಯಾರಲಲ್, ನಾಲ್ಕನ್ನೂ ಸೀರೀಸ್ ಅಲ್ಲ.

ಈಗ ಮಾಡಬೇಕಾದ್ದು ಒಂದೇ: ತಾರಸಿಯಿಂದ ಇಳಿಯುವ ಪೈಪು 1 ಇಂಚಿನದ್ದಲ್ಲ, ಒಂದೂವರೆ ಇಂಚಿನದ್ದು ಹಾಕಿ, ಒಳಗೆ ನೈಲಾನ್ ಹಗ್ಗ ಬಿಟ್ಟಿರಿ. ಮೇಲಿನ ತುದಿಯನ್ನು ಕೆಳಮುಖ ಬಗ್ಗಿಸಿ ಬಲೆ ಕಟ್ಟಿ, ಇಲ್ಲದಿದ್ದರೆ ಮೊದಲ ಮಳೆಗೆ ನೀರು, ಎರಡನೆಯದಕ್ಕೆ ಇಲಿ.